ಬ್ಯಾಟರಿ ದೀಪ ಮಾತ್ರ ಹತ್ತಲಿಲ್ಲ

ಜುಲೈ 8

ಮಡಿಕೇರಿಯಿಂದ ಮನೆಗೆ ಬರುತ್ತಿದ್ದೆ. ಮೇಕೇರಿ ದಾಟಿತ್ತು, ಹಾಕತ್ತೂರು ಇನ್ನೂ ಬಂದಿರಲಿಲ್ಲ. ಗಂಟೆ ಆರೇ ಆಗಿದ್ದರೂ ಮಂಜು ಕವಿದು ರಾತ್ರಿಯ ಹಾಗಿತ್ತು. ಹೆಡ್‌ಲೈಟ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಹೀಟರ್, ಎಲ್ಲಾ ಆನ್ ಇದ್ದವು. ತಿರುವಿನಲ್ಲಿ ನೀರು ತುಂಬಿದ್ದ ಗುಂಡಿಗೆ ಎಡಚಕ್ರ ದಡಾರನೆ ಇಳಿಯಿತು. ಇಳಿದದ್ದೇ ತಡ, ಮೀಟರ್ ಬೋರ್ಡಿನಲ್ಲಿ ಸ್ಟಿಯರಿಂಗ್ ಚಿತ್ರದ ಹಳದಿ ದೀಪ ಹತ್ತಿತು. ಕೈಯಲ್ಲಿದ್ದ ಸ್ಟಿಯರಿಂಗ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಅದರ ಹಿಂದೆಯೇ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ದೀಪ. ಒಂದು ನಿಮಿಷ ಬಿಟ್ಟು ಎಂಜಿನ್ ಚಿತ್ರದ ದೀಪ.

ಹೀಗೆ ಮೂರು ದೀಪ ಒಟ್ಟಿಗೆ ಬಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಪಕ್ಕಕ್ಕೆ ನಿಲ್ಲಿಸಿ ಮೊದಲು ಬಣ್ಣ ನೋಡಿದೆ. ಮೂರೂ ಹಳದಿ. ಕೆಂಪು ಒಂದೂ ಇಲ್ಲ. ಕೆಂಪಿನಲ್ಲಿ ಗಿಂಡಿಯಂಥ ಚಿತ್ರ ಬಂದಿದ್ದರೆ, ಅದೇ ಮೂತಿಯಲ್ಲಿ ಒಂದು ಹನಿ ಇರುತ್ತದಲ್ಲ, ಅಲ್ಲೇ ಎಂಜಿನ್ ಆಫ್ ಮಾಡಬೇಕಿತ್ತು. ಅದು ಆಯಿಲ್ ಕಡಿಮೆ ಇದೆ ಎನ್ನುವ ದೀಪ ಅಲ್ಲ, ಆಯಿಲ್‌ನ ಒತ್ತಡ ಇಲ್ಲ ಎನ್ನುವ ದೀಪ. ಒತ್ತಡವಿಲ್ಲದೆ ಎಂಜಿನ್ ಓಡಿದರೆ ಬೇರಿಂಗ್ ಹೋಗಲು ಜಾಸ್ತಿ ಹೊತ್ತು ಬೇಡ. ಥರ್ಮಾಮೀಟರ್ ಚಿತ್ರ ಕೆಂಪಾದರೂ ಅಷ್ಟೇ, ನಿಲ್ಲಿಸಲೇಬೇಕು. ಬಿಸಿ ಆರುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬಾರದು.

ಹಳದಿ ಆದ್ದರಿಂದ ಸ್ವಲ್ಪ ಧೈರ್ಯ ಬಂತು. ಆಫ್ ಮಾಡಿ ಮತ್ತೆ ಸೆಲ್ಫ್ ಹೊಡೆದೆ. ಸೆಲ್ಫ್ ಯಾಕೋ ಎಳೆದು ಎಳೆದು ತಿರುಗಿತು. ಸ್ಟಾರ್ಟ್ ಆದ ಮೇಲೆ ಸ್ಟಿಯರಿಂಗ್ ದೀಪ ಹೋಯಿತು, ಎಬಿಎಸ್ ಕೂಡ ಹೋಯಿತು. ಎಂಜಿನ್ ಚಿತ್ರ ಮಾತ್ರ ಉಳಿಯಿತು. ಎರಡನೇ ಗೇರಿನಲ್ಲೇ ಮನೆ ಸೇರಿದೆ.

ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೆಕೆಂಡ್ ಹ್ಯಾಂಡ್. 91,000 ಕಿ.ಮೀ. ಓಡಿದೆ.

ಜುಲೈ 9

ಬೆಳಿಗ್ಗೆ ಅಪ್ಪ ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಮೂರೂವರೆ ಇಂಚು. ತೋಟಕ್ಕೆ ಹೋಗುವ ಮಾತೇ ಇಲ್ಲ. ನಾನು ಶೆಡ್ಡಿನಲ್ಲಿ ಕಾರಿನೊಳಗೆ ಕುಳಿತು ಕೀ ಆನ್ ಮಾಡಿದೆ. ಸ್ಟಾರ್ಟ್ ಮಾಡಲಿಲ್ಲ, ಬರೀ ಆನ್.

ಇದು ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಖರ್ಚಿಲ್ಲದ್ದು. ಕೀ ಆನ್ ಆದ ತಕ್ಷಣ ಕಾರು ತನ್ನ ಎಲ್ಲ ಎಚ್ಚರಿಕೆ ದೀಪಗಳನ್ನೂ ಒಮ್ಮೆ ಉರಿಸಿ ತೋರಿಸುತ್ತದೆ. ಎಬಿಎಸ್ ಮತ್ತು ಏರ್‌ಬ್ಯಾಗ್ ದೀಪಗಳು ಕೆಲವು ಸೆಕೆಂಡಿನಲ್ಲಿ ಆರುತ್ತವೆ. ಆಯಿಲ್, ಬ್ಯಾಟರಿ, ಎಂಜಿನ್ ಚಿತ್ರ, ಈ ಮೂರು ಎಂಜಿನ್ ಸ್ಟಾರ್ಟ್ ಆಗುವವರೆಗೆ ಉರಿಯುತ್ತಲೇ ಇರುತ್ತವೆ. ಆಗ ಹತ್ತದ ದೀಪವೇ ಹೆಚ್ಚು ಅಪಾಯದ್ದು. ಬಲ್ಬು ಹೋಗಿರಬಹುದು. ಇಲ್ಲವೇ ಮಾರುವಾಗ ಯಾರೋ ತೆಗೆದಿರಬಹುದು. ಭಾವ ಹಿಂದೆ ನೋಡಲು ಹೋಗಿದ್ದ ಒಂದು ಹಳೇ ಕಾರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ. ಬಿಚ್ಚಿಸಿ ನೋಡಿದರೆ ದೀಪದ ಮೇಲೆ ಕಪ್ಪು ಟೇಪು!

ಮಗಳು ಪಕ್ಕದ ಸೀಟಿನಲ್ಲಿ ಕುಳಿತು ಎಣಿಸಿದಳು. ಅಷ್ಟರಲ್ಲಿ ಕೆಲವು ಆರಿಹೋದವು, ಲೆಕ್ಕ ತಪ್ಪಿತು. ಮತ್ತೆ ಆನ್ ಮಾಡಿ ಮೊಬೈಲಿನಲ್ಲಿ ವಿಡಿಯೊ ಮಾಡಿದೆವು. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಮಾಲೀಕರ ಕೈಪಿಡಿಯ ಜೊತೆ ಹೋಲಿಸಿದೆವು. ಕೈಪಿಡಿ ಇಲ್ಲದವರಿಗೂ ಕಷ್ಟವಿಲ್ಲ. ಈ ಚಿತ್ರಗಳಿಗೆ ಐಎಸ್‌ಒ 2575 ಅಂತ ಒಂದು ಮಾನದಂಡವಿದೆ. ಹಾಗಾಗಿ ಯಾವ ಕಂಪನಿಯ ಕಾರಾದರೂ ಮುಖ್ಯ ಚಿತ್ರಗಳು ಹೆಚ್ಚುಕಡಿಮೆ ಒಂದೇ.

ನಮ್ಮದರಲ್ಲಿ ಎಲ್ಲ ದೀಪಗಳೂ ಹತ್ತಿದವು. ಬ್ಯಾಟರಿ ದೀಪವೂ ಹತ್ತಿ, ಸ್ಟಾರ್ಟ್ ಮಾಡಿದ ಮೇಲೆ ಸರಿಯಾಗಿ ಆರಿತು. ಬ್ಯಾಟರಿ ಕಡೆ ತೊಂದರೆ ಇಲ್ಲ ಎಂದು ಚೀಟಿಯಲ್ಲಿ ಬರೆದುಕೊಂಡೆ. ಇದು ನನ್ನ ಮೊದಲ ತಪ್ಪು.

ಜುಲೈ 10

ಎಂಜಿನ್ ಚಿತ್ರದ ದೀಪಕ್ಕೆ ಬಾಯಿ ಇದೆ. ಬೇರೆ ದೀಪಗಳಿಗಿಂತ ಅದರ ಹತ್ತಿರ ಮಾತಾಡಿಸುವುದು ಸುಲಭ. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಮೇಲ್ಭಾಗದಲ್ಲಿ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಓಬಿಡಿ ಎನ್ನುತ್ತಾರೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲಿ ಆ್ಯಪ್ ತೆರೆದರೆ ಕಾರು ಬರೆದಿಟ್ಟುಕೊಂಡ ಕೋಡ್ ಕಾಣುತ್ತದೆ. ಕೋಡಿನ ಮೊದಲ ಅಕ್ಷರ ಪಿ ಆದರೆ ಎಂಜಿನ್ ಮತ್ತು ಗೇರ್ ಕಡೆಯದು, ಸಿ ಆದರೆ ಬ್ರೇಕ್ ಮತ್ತು ಸ್ಟಿಯರಿಂಗ್ ಕಡೆಯದು, ಬಿ ಆದರೆ ಬಾಡಿಯದು, ಯು ಆದರೆ ಕಾರಿನೊಳಗಿನ ಕಂಪ್ಯೂಟರ್ ಪೆಟ್ಟಿಗೆಗಳ ನಡುವಿನ ಮಾತುಕತೆಯದು.

ನನಗೆ ಸಿಕ್ಕಿದ್ದು ಒಂದೇ ಕೋಡ್: ಪಿ0562. ಕಾರಿನ ವೋಲ್ಟೇಜ್ ಕಡಿಮೆ ಎಂದು ಅದರ ಅರ್ಥ.

ಕೂಡಲೇ ಅಳಿಸಲಿಲ್ಲ. ಕೋಡಿನ ಜೊತೆ ಆ ಕ್ಷಣದ ಒಂದು ಫೋಟೊ ತರದ ದಾಖಲೆಯೂ ಇರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಅದರ ಪ್ರಕಾರ ಆಗ ಕಾರು ಗಂಟೆಗೆ 34 ಕಿ.ಮೀ. ವೇಗದಲ್ಲಿತ್ತು, ಎಂಜಿನ್ 1,900 ಸುತ್ತಿನಲ್ಲಿತ್ತು. ಅಂದರೆ ಸ್ಟಾರ್ಟ್ ಮಾಡುವಾಗ ಬಂದದ್ದಲ್ಲ, ಓಡುವಾಗಲೇ ಬಂದದ್ದು. ಎಂಜಿನ್ ಅಷ್ಟು ತಿರುಗುವಾಗ, ಅದರ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸಾಕಷ್ಟು ಕೊಡುತ್ತಿರಬೇಕು. ಹಾಗಾದರೆ ವೋಲ್ಟೇಜ್ ಯಾಕೆ ಬಿತ್ತು? ಈ ಪ್ರಶ್ನೆಯನ್ನು ಅವತ್ತೇ ಹಿಡಿದು ಕುಳಿತಿದ್ದರೆ ಎರಡು ವಾರ ಉಳಿಯುತ್ತಿತ್ತು. ನಾನು ವೋಲ್ಟೇಜ್ ಎಂಬ ಮಾತು ನೋಡಿ ಬ್ಯಾಟರಿ ಎಂದುಕೊಂಡೆ.

ಜುಲೈ 12

ಪೇಟೆಯ ಒಂದು ವರ್ಕ್‌ಶಾಪಿಗೆ ಒಯ್ದೆ. ಸೆಲ್ಫ್ ಎಳೆಯುವುದನ್ನು ಕೇಳಿ, "ಬ್ಯಾಟರಿ ಮುಗಿದಿದೆ ಸಾರ್" ಎಂದರು. ಎಂಜಿನ್ ಓಡುವಾಗ ಬ್ಯಾಟರಿಗೆ ಮೀಟರ್ ಇಟ್ಟರು. 13.9 ವೋಲ್ಟ್. "ಚಾರ್ಜಿಂಗ್ ಪಕ್ಕಾ ಇದೆ" ಎಂದರು. ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ನಾಲ್ಕೂವರೆ ಸಾವಿರ.

ಅವರು ಅಳೆದದ್ದು ಸುಳ್ಳಲ್ಲ. ಆದರೆ ಹೆಡ್‌ಲೈಟ್ ಆಫ್, ವೈಪರ್ ಆಫ್, ಬ್ಲೋವರ್ ಆಫ್ ಇದ್ದಾಗ ಅಳೆದರು. ಖಾಲಿ ಕೈಯಲ್ಲಿ ನಡೆಸಿ ನೋಡಿ ಕಾಲು ನೋವಿಲ್ಲ ಎಂದ ಹಾಗೆ. ಕಾಫಿ ಮೂಟೆ ಹೊರಿಸಿ ನೋಡಬೇಕಿತ್ತು.

ಜುಲೈ 16

ಮತ್ತೆ ಬಂತು. ಈ ಸಲ ಮನೆಯ ದಾರಿಯಲ್ಲೇ, ಹಿಂದೆ ಮುಂದೆ ಮಾಡಿ ಕಾರು ತಿರುಗಿಸುವಾಗ. ಸ್ಟಿಯರಿಂಗ್ ದೀಪ, ಎಬಿಎಸ್. ಹೊಸ ಬ್ಯಾಟರಿಗೆ ನಾಲ್ಕು ದಿನ ಆಗಿತ್ತು ಅಷ್ಟೇ.

ವರ್ಕ್‌ಶಾಪಿಗೆ ಫೋನ್ ಮಾಡಿದರೆ, "ಹಾಗಾದ್ರೆ ಸ್ಟಿಯರಿಂಗ್ ಮೋಟರ್ ಇರಬೇಕು, ಇಡೀ ಸೆಟ್ ಬದಲಿಸಬೇಕು" ಎಂದರು. ಸ್ಟಿಯರಿಂಗ್ ತಿರುಗಿಸಲು ಕೈಗೆ ನೆರವಾಗುವ ಮೋಟರ್ ಅದು. ಮೂವತ್ತು ಸಾವಿರದ ಹತ್ತಿರ ಹೇಳಿದರು. ಎಬಿಎಸ್ ದೀಪಕ್ಕೆ ಬೇರೆ ಲೆಕ್ಕವಂತೆ. ಒಂದೊಂದು ದೀಪಕ್ಕೂ ಒಂದೊಂದು ಬಿಡಿಭಾಗ ಬದಲಿಸುತ್ತಾ ಹೋದರೆ ಈ ವರ್ಷದ ಮೆಣಸಿನ ದುಡ್ಡು ಅಲ್ಲಿಗೇ ಸಾಕು.

ಜುಲೈ 17ರಿಂದ 19

ಕರೆಂಟ್ ಇಲ್ಲ. ಎಲ್ಲೋ ಮರ ಬಿದ್ದು ಲೈನ್ ತುಂಡಾಗಿದೆ. ಬ್ಯಾಟರಿ ಚಾರ್ಜರ್ ಹಾಕುವ ಹಾಗೂ ಇಲ್ಲ. ಮೂರನೇ ದಿನ ಬ್ಯಾಟರಿ ಅಳೆದೆ: ನಿಂತ ಕಾರಿನಲ್ಲಿ 12.1 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. 12.1 ಅಂದರೆ ಅರ್ಧಕ್ಕಿಂತ ಕಡಿಮೆ. ಹೊಸ ಬ್ಯಾಟರಿಯನ್ನು ಯಾರೋ ಉಪವಾಸ ಕೆಡವುತ್ತಿದ್ದಾರೆ.

ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಹಳೇ ಜೀಪಿನಲ್ಲಿ ಆಂಪಿಯರ್ ಮುಳ್ಳು ಇತ್ತು. ಚಾರ್ಜ್ ಆಗ್ತಿದ್ರೆ ಈ ಕಡೆ, ಖಾಲಿ ಆಗ್ತಿದ್ರೆ ಆ ಕಡೆ. ನಿನ್ನ ಕಾರಿನಲ್ಲಿ ಹತ್ತು ದೀಪ ಇದೆ, ಒಂದು ಮುಳ್ಳು ಇಲ್ವಲ್ಲ" ಎಂದರು. ಆಗ ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಅಪ್ಪ ಹೇಳಿದ್ದೇ ಸರಿ. ದೀಪಕ್ಕೆ ಹೌದು ಮತ್ತು ಇಲ್ಲ ಎರಡೇ ಗೊತ್ತು. ಮುಳ್ಳಿಗೆ ಎಷ್ಟು ಎಂದು ಗೊತ್ತು.

ಆ ಮೇಲೆ ಅರ್ತಿಂಗ್, ಅಂದರೆ ಕರೆಂಟ್ ವಾಪಸ್ ಬರುವ ದಾರಿ, ನೋಡೋಣ ಎನ್ನಿಸಿತು. ಬ್ಯಾಟರಿಯ ನೆಗೆಟಿವ್‌ನಿಂದ ಎರಡು ದಪ್ಪ ಕಪ್ಪು ಕೇಬಲ್ ಹೊರಡುತ್ತವೆ. ಒಂದು ಬಾಡಿಗೆ, ಇನ್ನೊಂದು ಗೇರ್‌ಬಾಕ್ಸಿಗೆ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಗುರುತಿಗಿಟ್ಟು ಎರಡನ್ನೂ ಪರೀಕ್ಷಿಸಿದೆ. ಎರಡೂ ಕಡೆ ಬೀಪ್. ಅರ್ತಿಂಗ್ ಸರಿ ಇದೆ ಎಂದು ಬರೆದುಕೊಂಡೆ. ಎರಡನೇ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು.

ಜುಲೈ 22

ಮೂರ್ನಾಡಿನಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಈಗ ಅಂಗಡಿ ಮುಚ್ಚಿದ್ದಾರೆ, ಫೋನ್ ಮಾತ್ರ ಎತ್ತುತ್ತಾರೆ. ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಬೀಪ್ ಬಂತು ಅಂದ್ರಲ್ಲ, ಆಗ ಆ ಕೇಬಲಿನಲ್ಲಿ ಎಷ್ಟು ಕರೆಂಟ್ ಹೋಗ್ತಾ ಇತ್ತು?"

"ಏನೂ ಇಲ್ಲ ಅಣ್ಣ, ಕಾರು ಆಫ್ ಇತ್ತು."

"ಮತ್ತೆ? ಒಂದು ಎಳೆ ತಾಮ್ರ ಉಳಿದಿದ್ರೂ ಬೀಪ್ ಬರ್ತದೆ. ಆ ಒಂದು ಎಳೆ ಸೆಲ್ಫನ್ನು ತಿರುಗಿಸ್ತದಾ? ಜಂಪರ್ ಕೇಬಲ್ ಇದ್ಯಲ್ವಾ? ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ನಿಗೆ ನೇರ ಕಚ್ಚಿಸಿ ಸೆಲ್ಫ್ ಹೊಡೀರಿ. ಆಮೇಲೆ ಫೋನ್ ಮಾಡಿ."

ಎಂಜಿನ್ ಮೇಲೆ ಅದನ್ನು ಎತ್ತಲು ಕೊಟ್ಟ ಒಂದು ಕಬ್ಬಿಣದ ಕೊಕ್ಕೆ ಇದೆ. ಅದನ್ನು ಉಜ್ಜಿ, ಕಪ್ಪು ಜಂಪರಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿದೆ. ಕೀ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಎದ್ದಿತು. ತಿಂಗಳುಗಟ್ಟಲೆ ಕೇಳದ ಸದ್ದು ಅದು. ಜಂಪರ್ ತೆಗೆದೆ, ಮತ್ತೆ ಹೊಡೆದೆ: ಗ್ರ್... ಗ್ರ್... ಹಳೇ ರಾಗ. ಮತ್ತೆ ಹಾಕಿದೆ: ಚುರುಕು. ಸುಮ್ನೆ ಖುಷಿಗೆ ಇನ್ನೂ ಎರಡು ಸಲ ಮಾಡಿದೆ.

ಇನ್ನು ಅಳತೆ. ಈ ಭಾಗ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಯಾವ ಕಾರಿಗೂ ಆಗುತ್ತದೆ, ಸಾಧಾರಣ ಮಲ್ಟಿಮೀಟರ್ ಸಾಕು.

ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕ್ಲಾಂಪ್ ಮೇಲಲ್ಲ, ಕಂಬದ ಮೇಲೇ. ಕೆಂಪು ಮುಳ್ಳು ಎಂಜಿನ್ನಿನ ಬರೀ ಲೋಹದ ಮೇಲೆ. ಕೇಬಲ್ ಒಳ್ಳೆಯದಿದ್ದರೆ ಈ ಎರಡು ಜಾಗಗಳ ನಡುವೆ ವೋಲ್ಟೇಜ್ ಹೆಚ್ಚುಕಡಿಮೆ ಇರಲೇಬಾರದು, ಎರಡೂ ಒಂದೇ ನೆಲ ತಾನೆ. ಈಗ ಇನ್ನೊಬ್ಬರು ಸೆಲ್ಫ್ ಹೊಡೆಯಬೇಕು. ಮಗಳ ಕೈಗೆ ಕೀ ಕೊಡುವ ಹಾಗಿಲ್ಲ, ಅಪ್ಪನನ್ನು ಕೂರಿಸಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿತ್ತು. ಮೀಟರ್ ತೋರಿಸಿದ್ದು 2.4 ವೋಲ್ಟ್. 0.2ರ ಒಳಗೆ ಇರಬೇಕಾದ ಜಾಗ ಅದು. ಸೆಲ್ಫಿಗೆ ಸೇರಬೇಕಾದ ವೋಲ್ಟೇಜಿನಲ್ಲಿ ಎರಡೂಕಾಲಿಗಿಂತ ಜಾಸ್ತಿ ಒಂದು ಕೇಬಲಿನಲ್ಲೇ ಕರಗುತ್ತಿದೆ.

ಆಮೇಲೆ ಎಂಜಿನ್ ಓಡುವಾಗ, ಲೈಟು, ಬ್ಲೋವರ್, ಹೀಟರ್, ವೈಪರ್ ಎಲ್ಲಾ ಹಾಕಿ ಅಳೆದೆ. ಆಲ್ಟರ್ನೇಟರಿನ ದಪ್ಪ ಬೋಲ್ಟಿನಿಂದ ಅದರದೇ ಮೈಗೆ: 14.2. ಬ್ಯಾಟರಿಯ ಎರಡು ಕಂಬದ ನಡುವೆ: 13.3. ಎಂಜಿನ್ನಿನಿಂದ ನೆಗೆಟಿವ್‌ಗೆ: 0.8. ಕೂಡಿ ಕಳೆದರೆ ಲೆಕ್ಕ ಸರಿಹೋಗುತ್ತದೆ, ಉಳಿದ 0.1 ಪಾಸಿಟಿವ್ ಕೇಬಲಿನದು. ಇನ್ನು ಗೇರ್‌ಬಾಕ್ಸಿನ ಹತ್ತಿರ ಕೇಬಲನ್ನು ಒಂದು ಒಣ ಕೋಲಿನಿಂದ ಅಲುಗಾಡಿಸಿದೆ. 0.8 ಇದ್ದದ್ದು ಎರಡು ದಾಟಿ ಕುಣಿಯತೊಡಗಿತು. ಅಪ್ಪ ಸ್ಟಿಯರಿಂಗನ್ನು ಕೊನೆ ತನಕ ತಿರುಗಿಸಿದರು. ಬ್ಯಾಟರಿಯಲ್ಲಿ 11.6ಕ್ಕೆ ಬಿತ್ತು. ಹಳದಿ ದೀಪ ಹತ್ತಿತು. ಮೇಕೇರಿಯ ಗುಂಡಿ ಶೆಡ್ಡಿನೊಳಗೇ ಬಂದ ಹಾಗಾಯಿತು.

ಕಥೆ ಇಷ್ಟು. ಆಲ್ಟರ್ನೇಟರ್ ಎಂಜಿನ್ನಿಗೆ ಕೂತಿರುತ್ತದೆ. ಅದು ಹುಟ್ಟಿಸಿದ ಕರೆಂಟ್ ಬ್ಯಾಟರಿಗೂ ಬಾಡಿಗೂ ಹೋಗಿ ಮತ್ತೆ ಎಂಜಿನ್ನಿಗೆ ವಾಪಸ್ ಬರಲು ಇದೇ ಅರ್ತಿಂಗ್ ಕೇಬಲ್ ದಾರಿ. ದಾರಿಯಲ್ಲಿ ಗುಡ್ಡ ಕುಸಿದಿದೆ. ಕರೆಂಟ್ ಜಾಸ್ತಿ ಬೇಡದಿದ್ದಾಗ ಹೇಗೋ ನುಸುಳಿ ಬರುತ್ತದೆ, ಅದಕ್ಕೇ ವರ್ಕ್‌ಶಾಪಿನಲ್ಲಿ 13.9 ಕಂಡದ್ದು. ಮಳೆಯಲ್ಲಿ ರಾತ್ರಿ ಎಲ್ಲಾ ಹಾಕಿಕೊಂಡು ಓಡಿದರೆ ಬ್ಯಾಟರಿಗೆ ಊಟ ಸಾಲುವುದಿಲ್ಲ. ಅದರ ಮೇಲೆ ಸ್ಟಿಯರಿಂಗ್ ಮೋಟರ್ ಒಮ್ಮೆಲೇ ಹತ್ತಾರು ಆಂಪಿಯರ್ ಕೇಳುತ್ತದೆ. ವೋಲ್ಟೇಜ್ ಕುಸಿಯುತ್ತದೆ. ಸ್ಟಿಯರಿಂಗ್ ಪೆಟ್ಟಿಗೆ ಮತ್ತು ಎಬಿಎಸ್ ಪೆಟ್ಟಿಗೆ ಎರಡೂ ಅಷ್ಟು ಕಡಿಮೆಯಲ್ಲಿ ಕೆಲಸ ಮಾಡುವುದಕ್ಕಿಂತ ಕೈ ಕಟ್ಟಿ ಕೂರುವುದೇ ಮೇಲು ಎಂದು ದೀಪ ಹತ್ತಿಸಿ ಕೂರುತ್ತವೆ. ಅವುಗಳಲ್ಲಿ ಏನೂ ಕೆಟ್ಟಿಲ್ಲ.

ಬ್ಯಾಟರಿ ದೀಪ ಯಾಕೆ ಹತ್ತಲಿಲ್ಲ ಎನ್ನುವುದೂ ಈಗ ಅರ್ಥವಾಯಿತು. ಅದರ ಚಿತ್ರ ಬ್ಯಾಟರಿಯದ್ದಾದರೂ ಅದು ಕಾಯುವುದು ಆಲ್ಟರ್ನೇಟರನ್ನು. ಆಲ್ಟರ್ನೇಟರ್ ತನ್ನ ಬುಡದಲ್ಲಿ 14.2 ನೋಡಿಕೊಂಡು ನೆಮ್ಮದಿಯಾಗಿತ್ತು. ದಾರಿಯಲ್ಲಿ ಏನಾಯಿತು ಎಂದು ಅದಕ್ಕೇನು ಗೊತ್ತು. ನಿಜಕ್ಕೂ ತೊಂದರೆಯಲ್ಲಿದ್ದ ಬ್ಯಾಟರಿಯ ದೀಪ ಸುಮ್ಮನಿತ್ತು, ಸರಿಯಾಗಿದ್ದ ಸ್ಟಿಯರಿಂಗ್ ಕೂಗಿಕೊಂಡಿತು. ದೀಪ ನೋಡಿ ಬಿಡಿಭಾಗ ಬದಲಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಜುಲೈ 24

ಬ್ಯಾಟರಿ ನೆಗೆಟಿವ್ ಕ್ಲಾಂಪನ್ನು 10 ನಂಬರ್ ಸ್ಪ್ಯಾನರಿನಲ್ಲಿ ಮೊದಲು ಬಿಚ್ಚಿದೆ. ಯಾವಾಗಲೂ ನೆಗೆಟಿವ್ ಮೊದಲು ಬಿಚ್ಚಬೇಕು, ಹಾಕುವಾಗ ಕೊನೆಗೆ ಹಾಕಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ದೀಪಾವಳಿ.

ಏರ್ ಫಿಲ್ಟರ್ ಡಬ್ಬಿ ತೆಗೆದರೆ ಮಾತ್ರ ಗೇರ್‌ಬಾಕ್ಸಿನ ಬೋಲ್ಟಿಗೆ ಕೈ ಹೋಗುತ್ತದೆ. ಡಬ್ಬಿಯ ಕೆಳಗೆ ಒಣ ಎಲೆ, ಹರಿದ ಗೋಣಿಯ ನಾರು, ಅರ್ಧ ತಿಂದ ಕಾಫಿ ಬೀಜ. ಇಲಿ ಸಂಸಾರ ಹೂಡಿದೆ. ಪುಣ್ಯಕ್ಕೆ ವೈರ್ ಕಡಿದಿಲ್ಲ. ಬೋಲ್ಟು ತುಕ್ಕು ಹಿಡಿದಿತ್ತು. ಡಬ್ಲ್ಯೂಡಿ-40 ಹೊಡೆದು ಅರ್ಧ ಗಂಟೆ ಬಿಟ್ಟು, ಒಂದು ಲೋಟ ಕಾಫಿ ಕುಡಿದು ಬಂದೆ. ಆಮೇಲೆ ಬಿಟ್ಟುಕೊಂಡಿತು.

ಹೊರಗಿನಿಂದ ಕೇಬಲ್ ಚೆನ್ನಾಗಿಯೇ ಕಾಣುತ್ತಿತ್ತು. ತುದಿಯ ರಬ್ಬರ್ ತೋಳನ್ನು ಹಿಂದೆ ಸರಿಸಿದರೆ ಒಳಗೆ ಹಸಿರು ಪುಡಿ. ಕಿಲುಬು. ತಾಮ್ರದ ಚೊಂಬನ್ನು ಹುಣಸೆಹಣ್ಣು ಕಾಣಿಸದೆ ವರ್ಷಗಟ್ಟಲೆ ಇಟ್ಟರೆ ಬರುವ ಬಣ್ಣ. ಲಗ್ಗಿನ ಹತ್ತಿರ, ಅಂದರೆ ಬೋಲ್ಟಿಗೆ ಕೂರುವ ಲೋಹದ ತುದಿಯ ಹತ್ತಿರ, ಎಳೆಗಳು ತುಂಡಾಗಿ ಕೂದಲಿನ ಹಾಗೆ ಉದುರಿದವು. ಉಳಿದ ನಾಲ್ಕಾರು ಎಳೆ ನನಗೆ ಬೀಪ್ ಹೊಡೆದು ತೋರಿಸಿದ್ದವು. ಎಂಜಿನ್ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ. ಅವೆರಡರ ನಡುವಿನ ಕೇಬಲ್ ದಿನಾ ಬಾಗಿ ಬಾಗಿ ಎಳೆ ಕಡಿಯುತ್ತದೆ. ನಮ್ಮ ಮಳೆಗೆ ಉಳಿದ ಕೆಲಸ ಕಿಲುಬು ಮಾಡುತ್ತದೆ.

ಜುಲೈ 27

ಮೂಲ ಕೇಬಲ್ ತರಿಸಲು ಎರಡು ವಾರ ಎಂದರು. ಕಾಯಲಿಲ್ಲ. ಪೇಟೆಯಲ್ಲಿ 25 ಚದರ ಮಿ.ಮೀ. ದಪ್ಪದ, ತಾಮ್ರದ ವೆಲ್ಡಿಂಗ್ ಕೇಬಲ್ ಒಂದು ಮೀಟರ್ ತೆಗೆದುಕೊಂಡೆ. ವೆಲ್ಡಿಂಗ್ ಕೇಬಲ್ ಯಾಕೆಂದರೆ ಅದರಲ್ಲಿ ಸಣ್ಣ ಸಣ್ಣ ಎಳೆಗಳು ಜಾಸ್ತಿ, ಬಾಗಿದರೆ ಬೇಗ ಕಡಿಯುವುದಿಲ್ಲ. ಅಲ್ಯೂಮಿನಿಯಂ ಎಳೆಯದ್ದು ಅಗ್ಗಕ್ಕೆ ಸಿಗುತ್ತದೆ, ಅದು ಬೇಡ. ತವರ ಬಳಿದ ತಾಮ್ರದ ಲಗ್ಗುಗಳನ್ನು ಪಂಪ್‌ಸೆಟ್ ವೈರಿಂಗ್ ಮಾಡುವವರ ಹೈಡ್ರಾಲಿಕ್ ಯಂತ್ರದಲ್ಲಿ ಒತ್ತಿಸಿದೆ. ಸುತ್ತಿಗೆಯಲ್ಲಿ ಜಜ್ಜಿದರೆ ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ. ಅದರ ಮೇಲೆ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಟ್ಯೂಬ್.

ಗೇರ್‌ಬಾಕ್ಸಿನ ಮೈಯನ್ನು ತಂತಿ ಬ್ರಷ್ಷು, ಎಮರಿ ಪೇಪರಿನಲ್ಲಿ ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ. ಲೋಹಕ್ಕೆ ಲೋಹ ಕೂರಿಸಿ ಬಿಗಿದು, ಆಮೇಲೆ ಮೇಲಿಂದ ಗ್ರೀಸ್ ಬಳಿದೆ.

ಮತ್ತೆ ಅಳತೆ. ಸೆಲ್ಫ್ ಹೊಡೆಯುವಾಗ 0.15. ಎಲ್ಲಾ ಹಾಕಿ ಓಡುವಾಗ 0.05. ಬ್ಯಾಟರಿಯಲ್ಲಿ 14 ವೋಲ್ಟ್. ಈಗ ಕೋಡ್ ಅಳಿಸಿದೆ. ಎಂಜಿನ್ ಚಿತ್ರ ಹೋಯಿತು. ಕೇಬಲ್, ಲಗ್ಗು, ಟ್ಯೂಬು ಎಲ್ಲಾ ಸೇರಿ ಆರುನೂರು ರೂಪಾಯಿಯ ಒಳಗೆ.

ಮೂರ್ನಾಡಿನ ಎಲೆಕ್ಟ್ರಿಷಿಯನ್ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಸರಿ" ಎಂದು ಇಟ್ಟರು.

ಆಗಸ್ಟ್ 3

ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪು ಉಣ್ಣುವ ದಿನ. ಮದ್ದು ಸೊಪ್ಪು ಕುದಿಸಿದ ನೇರಳೆ ನೀರಿನ ಪಾಯಸ ಬೆಳಿಗ್ಗೆಯೇ ಆಗಿತ್ತು. ಹೊರಗೆ ಹೋಗುವುದೇನೂ ಇರಲಿಲ್ಲ. ಒಂದು ಬಾಕಿ ಮಾತ್ರ ಉಳಿದಿತ್ತು: ಸ್ಟಿಯರಿಂಗ್ ದೀಪ ಮತ್ತೆ ಬಂದಿಲ್ಲ, ಎಬಿಎಸ್ ಮಾತ್ರ ಆಗಾಗ ಬರುತ್ತಿದೆ. ವೋಲ್ಟೇಜ್ ಸರಿ ಇದ್ದಾಗಲೂ. ಹಾಗಾದರೆ ಅದಕ್ಕೆ ತನ್ನದೇ ಒಂದು ಕಾರಣವೂ ಇದೆ.

ಎಬಿಎಸ್ ದೀಪ ಒಂದೇ ಬಂದರೆ ಬ್ರೇಕ್ ಹಿಡಿಯುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಕೆಲಸ ಮಾತ್ರ ನಿಲ್ಲುತ್ತದೆ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಬಂದರೆ ಮುಂದಿನ ಚಕ್ರಕ್ಕೆಷ್ಟು ಹಿಂದಿನದಕ್ಕೆಷ್ಟು ಎಂದು ಬ್ರೇಕ್ ಹಂಚುವ ಕೆಲಸವೂ ನಿಂತಿದೆ ಎಂದು ಅರ್ಥ. ಆಗ ಗಟ್ಟಿ ಬ್ರೇಕಿಗೆ ಹಿಂದಿನ ಚಕ್ರ ಜಾರಬಹುದು. ಒದ್ದೆ ರಸ್ತೆಯಲ್ಲಿ ಅದು ಆಟವಲ್ಲ.

ನನ್ನ ಅಗ್ಗದ ಅಡಾಪ್ಟರ್ ಎಂಜಿನ್ ಕೋಡ್ ಮಾತ್ರ ಓದುತ್ತದೆ, ಎಬಿಎಸ್ ಪೆಟ್ಟಿಗೆಯ ಜೊತೆ ಅದಕ್ಕೆ ಮಾತಿಲ್ಲ. ಹಾಗಾಗಿ ಮುಂದಿನ ಎರಡೂ ಚಕ್ರ ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ನೋಡಿದೆ. ಚಕ್ರದ ವೇಗವನ್ನು ಎಬಿಎಸ್ ಪೆಟ್ಟಿಗೆಗೆ ತಿಳಿಸುವ ಸೆನ್ಸರಿನ ಪ್ಲಗ್ ಬಿಚ್ಚಿ ಮೀಟರನ್ನು ಎಸಿ ವೋಲ್ಟ್‌ಗಿಟ್ಟು ಬಲಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಸ್ವಲ್ಪ ವೋಲ್ಟೇಜ್ ಹುಟ್ಟಿತು. ಅಂದರೆ ಇದು ಹಳೇ ತರದ್ದು, ಒಳಗೆ ಬರೀ ತಂತಿ ಸುರುಳಿ. ಇಂಥದ್ದನ್ನು ಓಮ್‌ನಲ್ಲಿ ಅಳೆಯಬಹುದು. ಹೊಸ ತರದ ಸೆನ್ಸರಿನೊಳಗೆ ಚಿಪ್ ಇರುತ್ತದೆ, ಅದಕ್ಕೆ ಓಮ್ ಅಳತೆಯಿಂದ ಏನೂ ತಿಳಿಯುವುದಿಲ್ಲ. ಏರ್‌ಬ್ಯಾಗ್ ವೈರಿಗಂತೂ, ಅದೇ ಹಳದಿ ಪ್ಲಗ್ಗಿನದು, ಮೀಟರ್ ಮುಳ್ಳು ತಾಗಿಸಲೇಬಾರದು. ಅದು ಸಿಡಿಯುವ ವಸ್ತು.

ಬಲಗಡೆ 1.2 ಕಿಲೋ ಓಮ್. ಎಡಗಡೆಯೂ ಅಷ್ಟೇ ಬಂತು. ಆದರೆ ಶಾಕ್ ಅಬ್ಸಾರ್ಬರ್ ಹತ್ತಿರ ವೈರನ್ನು ಬಾಗಿಸಿದ ಕೂಡಲೇ ಮೀಟರ್ ಖಾಲಿ. ಬಿಟ್ಟರೆ ಮತ್ತೆ 1.2. ಹಿಂದೆ ಯಾರೋ ಶಾಕ್ ಅಬ್ಸಾರ್ಬರ್ ಬದಲಿಸಿದವರು ವೈರನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸಿಲ್ಲ. ಅದು ಜೋತು ಬಿದ್ದು ಕೆಸರಿನ ಜೊತೆ ಉಜ್ಜಿ ಉಜ್ಜಿ ಒಳಗೆ ತುಂಡಾಗಿದೆ.

ಬೆಸುಗೆ ಹಾಕಿ ಟ್ಯೂಬ್ ಎಳೆದು ಕ್ಲಿಪ್ಪಿಗೆ ಕೂರಿಸಿದೆ. ಕಾರು ಸ್ವಲ್ಪ ದೂರ ಓಡಿದ ಮೇಲೆ ದೀಪ ತಾನಾಗಿಯೇ ಆರಿತು. ನಾಲ್ಕೂ ಚಕ್ರದ ಸುದ್ದಿ ಬರುವ ತನಕ ಎಬಿಎಸ್ ಪೆಟ್ಟಿಗೆ ನಂಬಲಿಲ್ಲ ಎಂದುಕೊಳ್ಳುತ್ತೇನೆ. ಆದರೆ ಇದು ತಾತ್ಕಾಲಿಕ. ಚಕ್ರದ ಜೊತೆ ಆಡುವ ವೈರಿನಲ್ಲಿ ಬೆಸುಗೆ ಹೆಚ್ಚು ದಿನ ಬಾಳುವುದಿಲ್ಲ, ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಹೊಸ ಸೆನ್ಸರ್ ಆರ್ಡರ್ ಮಾಡಿದ್ದೇನೆ.

ಆಗಸ್ಟ್ 17

ಸುಳ್ಯದಲ್ಲಿ ಅಕ್ಕನ ಮನೆಗೆ ಹೊರಟಿದ್ದೆವು. ಮದೆನಾಡು ಬಿಟ್ಟು ಸಂಪಾಜೆ ಘಾಟಿ ಇಳಿಯುವಾಗ, ಜೋಡುಪಾಲದ ಹತ್ತಿರ, ತಿರುವು ಬಂದಾಗಲೆಲ್ಲ ಕೆಂಪು ಬ್ರೇಕ್ ದೀಪ ಮಿಣಕ್ ಎಂದು ಹೋಗುತ್ತಿತ್ತು. ಮಗಳೇ ಮೊದಲು ನೋಡಿದ್ದು. "ಅಪ್ಪಾ, ಕೆಂಪು!" ಎಂದಳು.

ನಿಲ್ಲಿಸಿ ನೋಡಿದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿತ್ತು. ಪೆಡಲ್ ಗಟ್ಟಿಯಾಗಿಯೇ ಇತ್ತು, ಒಳಗೆ ಇಳಿಯುತ್ತಿರಲಿಲ್ಲ. ಇಳಿದಿದ್ದರೆ ಕಾರು ಅಲ್ಲಿಂದ ಅಲುಗಾಡುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಯ ಹತ್ತಿರ. ಚಕ್ರದ ಹತ್ತಿರ ಎಲ್ಲೂ ಸೋರಿಲ್ಲ. ತಿರುವಿನಲ್ಲಿ ಆಯಿಲ್ ಒಂದು ಕಡೆ ವಾಲಿದಾಗ ಒಳಗಿನ ತೇಲುವ ಸ್ವಿಚ್ ಕೆಳಗಿಳಿದು ದೀಪ ಹತ್ತಿಸುತ್ತಿತ್ತು. ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ನಿಧಾನಕ್ಕೆ ಇಳಿಸಿದೆ.

ಸುಳ್ಯದಲ್ಲಿ ಭಾವ ಬ್ರೇಕ್ ಆಯಿಲ್ ಬಾಟಲಿ ತಂದು ಸುರಿಯಲು ಹೊರಟರು. ಬೇಡ ಎಂದೆ. ಸೋರಿಕೆ ಇಲ್ಲದೆ ಆಯಿಲ್ ಇಳಿದರೆ ಸಾಮಾನ್ಯವಾಗಿ ಪ್ಯಾಡ್ ಸವೆದಿರುತ್ತದೆ. ಪ್ಯಾಡ್ ತೆಳ್ಳಗಾದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಹೋಗುತ್ತದೆ. ಈಗ ತುಂಬಿಸಿದರೆ ದೀಪ ಆರುತ್ತದೆ, ಸವೆದ ಪ್ಯಾಡ್ ಹಾಗೇ ಉಳಿಯುತ್ತದೆ. ಭಾವ ಬಾಟಲಿ ಇಟ್ಟುಕೊಂಡೇ ಚಕ್ರ ಬಿಚ್ಚಲು ಬಂದರು. ಒಳಗಿನ ಪ್ಯಾಡಿನಲ್ಲಿ 2 ಮಿ.ಮೀ. ಉಳಿದಿತ್ತು ಅಷ್ಟೇ. ಹೊರಗಿನಿಂದ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್, ಅದು ಇನ್ನೂ ದಪ್ಪವಿತ್ತು.

ಅಲ್ಲೇ ಹೊಸ ಪ್ಯಾಡ್ ಹಾಕಿಸಿದೆವು. ಪಿಸ್ಟನ್ ಒಳಗೆ ತಳ್ಳಿದಾಗ ಡಬ್ಬಿಯಲ್ಲಿ ಆಯಿಲ್ ತಾನಾಗಿಯೇ ಮೇಲಿನ ಗೆರೆಗೆ ಬಂತು. ಮೊದಲೇ ತುಂಬಿಸಿದ್ದರೆ ಹೊರಗೆ ಚೆಲ್ಲಿ ಪೇಂಟ್ ತಿನ್ನುತ್ತಿತ್ತು.

ಸೆಪ್ಟೆಂಬರ್ 2

ಹೊಸ ಸೆನ್ಸರ್ ಬಂತು, ಹಾಕಿಯಾಯಿತು. ಬ್ಯಾಟರಿ ಬೆಳಿಗ್ಗೆ 12.6. ಬಾಡಿಗೆ ಹೋಗುವ ಇನ್ನೊಂದು ಅರ್ತಿಂಗ್ ಕೇಬಲಿನ ಬೋಲ್ಟನ್ನೂ ಬಿಚ್ಚಿ ನೋಡಬೇಕು. ಅಳತೆಯಲ್ಲಿ ಸರಿ ಇದೆ, ಆದರೂ ರಬ್ಬರ್ ತೋಳಿನ ಒಳಗೆ ಏನಿದೆಯೋ. ಮಳೆ ಸ್ವಲ್ಪ ಬಿಟ್ಟ ಮೇಲೆ. ಇಲಿಯ ಸಂಸಾರ ಏರ್ ಫಿಲ್ಟರ್ ಕೆಳಗೆ ಮತ್ತೆ ಬಂದಿದೆ, ಅದಕ್ಕೆ ಬೋನು ಇಟ್ಟಿದ್ದೇನೆ. ಮೂರು ದಿನವಾಯಿತು, ಒಣಮೀನು ಮಾತ್ರ ಖಾಲಿಯಾಗುತ್ತಿದೆ.